ಭಾವಗೀತೆಯ ಧ್ವನಿಸುರುಳಿಯೂ ಕವಿಯ ಪಾಲೂ

ಕನ್ನಡ ಕವಿತೆಯು ಹುಟ್ಟಿನಿಂದಲೂ ಕಿವಿಯ ಸೊತ್ತು. ಓಲೆಗರಿಯ ಕಾಲದಲ್ಲಿ ಕಾವ್ಯವು ಉಳಿಯುವುದಕ್ಕೆ ಗರಿಯನ್ನೂ ಬದುಕುವುದಕ್ಕೆ ಗಮಕಿಯ ಕಂಠವನ್ನೂ ಆಶ್ರಯಿಸಿಕೊಂಡಿದ್ದಿತು. ಗುಡಿಯ ಜಗಲಿಯಲ್ಲಿ ಕುಮಾರವ್ಯಾಸನ ಭಾರತವನ್ನು ಕೇಳಿ ಕಣ್ಣೊರಸಿಕೊಂಡವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಾರು? ಅಚ್ಚಿನ ಯಂತ್ರವು ಬಂದ ಬಳಿಕ ಈ ಸಂಬಂಧವು ಸಡಿಲವಾಯಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಭಾವಗೀತೆಯು ಪುಸ್ತಕದಲ್ಲಿಯೇ ಹುಟ್ಟಿತು. ವಾಚಕನು ಅದನ್ನು ಏಕಾಂತದಲ್ಲಿ ಕಣ್ಣಿನಿಂದ ಓದಿಕೊಂಡನು. ಹೀಗೆ ಕಣ್ಣಿನ ಪಾಲಾಗಿದ್ದ ಕವಿತೆಯನ್ನು ಮರಳಿ ಕಿವಿಗೆ ತಂದವರಲ್ಲಿ ಪಿ. ಕಾಳಿಂಗರಾಯರು (1914-1981) ಅಗ್ರಗಣ್ಯರು. ಅವರ ಬೆನ್ನಿಗೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರು ಬಂದರು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿಯವರು ಧಾಟಿ ಹೊಂದಿಸಿದ ‘ನಿತ್ಯೋತ್ಸವ’ವು ಧ್ವನಿಸುರುಳಿಯಾಗಿ ಹೊರಬಂದಿತು. ಕನ್ನಡ ಸುಗಮಸಂಗೀತದ ಮೊದಲನೆಯ ಸುರುಳಿಯೆಂಬ ಹೆಸರು ಅದಕ್ಕಿದೆ. ಕವಿತಾಸಂಕಲನವೊಂದರ ಸಾವಿರ ಪ್ರತಿಗಳು ಖರ್ಚಾಗಲು ವರ್ಷಗಟ್ಟಲೆ ಹಿಡಿಯುವ ನಾಡಿನಲ್ಲಿ, ಕವಿಯ ಮಾತು ಪುಸ್ತಕದಂಗಡಿಯ ಹೊಸ್ತಿಲು ತುಳಿಯದವರ ಮನೆಯೊಳಕ್ಕೂ ನಡೆದುಹೋಯಿತು.

ಆ ಸುರುಳಿಯು ಈಗ ಇಲ್ಲ. ಅದನ್ನು ಮಾರುತ್ತಿದ್ದ ಅಂಗಡಿಗಳು ಬಹುಮಟ್ಟಿಗೆ ಮೊಬೈಲ್ ದೂರವಾಣಿಯ ಅಂಗಡಿಗಳಾಗಿವೆ. ಅದರ ತರುವಾಯ ಬಂದ ಸಿ.ಡಿ. ತಟ್ಟೆಯೂ ಮೂಲೆಗೆ ಸೇರಿತು. ಹಾಡು ಈಗ ವಸ್ತುವಾಗಿ ಕೈಗೆ ಬರುವುದಿಲ್ಲ. ಬೇಕಾದಾಗ ಅಂತರ್ಜಾಲದಿಂದ ಹರಿದು ಬಂದು, ಕೇಳಿದೊಡನೆ ಹೊರಟುಹೋಗುತ್ತದೆ. ಜನರ ಮಾತಿನಲ್ಲಿ ಇದಕ್ಕೆ ಸ್ಟ್ರೀಮಿಂಗ್ ಎಂದು ಹೆಸರು. ಈ ಮಾರ್ಪಾಟಿನ ವಿಷಯದಲ್ಲಿ ಎರಡು ಬಗೆಯ ಚರ್ಚೆಗಳು ನಡೆಯುತ್ತಿವೆ. ಹಾಡಿನ ರೂಪವು ಏನಾಯಿತೆಂಬುದನ್ನು ರಸಿಕರು ಕೇಳುತ್ತಾರೆ; ಹಣವು ಯಾರ ಕೈ ಸೇರಿತೆಂಬುದನ್ನು ವರ್ತಕರೂ ವಕೀಲರೂ ಕೇಳುತ್ತಾರೆ. ವಿಮರ್ಶಕನಿಗೆ ಎರಡನೆಯದರ ಗೊಡವೆಯೇಕೆ ಎಂಬುದು ಸಾಹಿತ್ಯವಲಯದ ರೂಢಿಯ ಮನೋಭಾವ. ಭಾವಗೀತೆಯ ವಿಷಯದಲ್ಲಿ ಆ ಮನೋಭಾವವು ಸಲ್ಲದು. ಹಣದ ಲೆಕ್ಕವನ್ನು ಹಾಕುವ ಕ್ರಮವೇ ಹಾಡಿನ ರೂಪವನ್ನು ತಿದ್ದುತ್ತಲಿದೆ. ಹಾಡಿನ ರೂಪವು ತಿದ್ದಲ್ಪಟ್ಟಂತೆ ಕವಿಯು ಲೆಕ್ಕದಿಂದ ಹೊರಬೀಳುತ್ತಲಿದ್ದಾನೆ.

ಮೊದಲು ರೂಪದ ಮಾತು. ಯಂತ್ರವು ಗಾನಕ್ಕೆ ಅಳತೆಯನ್ನು ಕೊಡುವುದು ಹೊಸದೇನೂ ಅಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನು ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡನು. ರಾತ್ರಿಯೆಲ್ಲ ಬೆಳೆಸಬಹುದಾಗಿದ್ದ ರಾಗವನ್ನು ಆಕೆಯು ಮೂರು ನಿಮಿಷಗಳಿಗೆ ಇಳಿಸಬೇಕಾಯಿತು; ಇಳಿಸಿ ಗೆದ್ದಳು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದನ್ನು ಹಳೆಯ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು. ಕೇಳುವವರು ಅದನ್ನು ಗಾಯಕಿಯ ಬಿಂಕವೆಂದು ಬಗೆದು ನಗುವುದುಂಟು. ಅದು ಬಿಂಕವಲ್ಲ. ಮುದ್ರಿಕೆಗಳನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಅಲ್ಲಿ ತಟ್ಟೆ ಒತ್ತಿಸಬೇಕಾಗಿದ್ದಿತು. ಅಲ್ಲಿಯ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ತಿಳಿಯುವುದಕ್ಕೆ ಆ ಕೂಗು ಬೇಕಾಗಿದ್ದಿತು. ಹಾಡಿಗೆ ಅಂಟಿಕೊಂಡೇ ಹೆಸರು ಪ್ರಯಾಣ ಮಾಡಬೇಕೆಂಬ ಈ ಎಚ್ಚರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ. ಗೌಹರ್ ಜಾನಳು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ದೇಶದಲ್ಲೆಲ್ಲ ತಟ್ಟೆಗಳು ತಿರುಗುತ್ತಿದ್ದ ಗಾಯಕಿಗೆ ಕೊನೆಗೆ ಬೇಕಾದುದು ಒಬ್ಬ ರಾಜನ ಆಶ್ರಯ.

ಮೂರು ನಿಮಿಷದ ತಟ್ಟೆಯು ಬಿಡಿ ಹಾಡಿನ ಯುಗವನ್ನು ಮಾಡಿತು. ಫಿಲಿಪ್ಸ್ ಕಂಪೆನಿಯು 1963ರಲ್ಲಿ ಹೊರತಂದ ಕ್ಯಾಸೆಟ್ಟು ಭಾರತದಲ್ಲಿ 1980ರ ದಶಕದಲ್ಲಿ ಮನೆಮನೆಗೆ ಹಬ್ಬಿತು. ಅದರ ಅಳತೆಯೇ ಬೇರೆ. ಅರ್ಧ ಗಂಟೆಯ ಎರಡು ಮಗ್ಗುಲು. ಒಟ್ಟಿನಲ್ಲಿ ಎಂಟು ಹತ್ತು ಹಾಡು. ಈ ಅಳತೆಯು ಭಾವಗೀತೆಗೆ ಹೇಳಿ ಮಾಡಿಸಿದಂತಿದ್ದಿತು. ಒಬ್ಬ ಕವಿಯ ಎಂಟು ಕವಿತೆಗಳನ್ನು ಆರಿಸುವುದೆಂದರೆ ಆ ಕವಿಯ ಮೇಲೆ ಒಂದು ವಿಮರ್ಶೆಯನ್ನು ಬರೆದಂತೆಯೇ. ಯಾವುದನ್ನು ಮೊದಲಿಡಬೇಕು, ಯಾವುದರ ಬಳಿಕ ಮಗ್ಗುಲು ತಿರುಗಿಸುವ ಮೌನವು ಬರಬೇಕು, ನಗೆಯ ಹಾಡಿನ ಪಕ್ಕದಲ್ಲಿ ಯಾವ ದುಃಖವನ್ನು ಕೂರಿಸಬೇಕು ಎಂಬುದನ್ನೆಲ್ಲ ಸಂಯೋಜಕನು ನಿರ್ಧರಿಸುತ್ತಿದ್ದನು. ಕ್ಯಾಸೆಟ್ಟಿನಲ್ಲಿ ಒಂದು ಹಾಡನ್ನು ಹಾರಿಸಿ ಮುಂದಿನದನ್ನು ಹಿಡಿಯುವುದು ತ್ರಾಸದ ಕೆಲಸವಾದುದರಿಂದ ಕೇಳುವವನು ಇಷ್ಟವಿಲ್ಲದ ಹಾಡನ್ನೂ ಕೇಳಿಕೊಂಡಿರುತ್ತಿದ್ದನು. ಹತ್ತನೆಯ ಸಲಕ್ಕೆ ಅದೇ ಹಾಡು ಪ್ರಿಯವಾಗುತ್ತಿದ್ದಿತು. ಯಂತ್ರದ ಕೊರತೆಯೊಂದು ರಸಿಕತೆಗೆ ಇಷ್ಟು ಉಪಕಾರ ಮಾಡಿದ್ದು ಅಪರೂಪ.

ಈ ಅವಕಾಶದಲ್ಲಿಯೇ ಎರಡು ಬಗೆಯ ಗಾನಮಾರ್ಗಗಳು ಬೆಳೆದವು. ಅನಂತಸ್ವಾಮಿಯವರದು ಮಾತಿಗೆ ತಲೆಬಾಗುವ ಮಾರ್ಗ. ಅಲ್ಲಿ ಧಾಟಿಯು ಕವಿತೆಯ ಪದಗಳನ್ನು ಕೈಹಿಡಿದು ನಡೆಸುತ್ತದೆಯೇ ಹೊರತು ಎಳೆದಾಡುವುದಿಲ್ಲ. ಒತ್ತಕ್ಷರವೊಂದು ಕೂಡ ನಲುಗುವುದಿಲ್ಲ. ಅಶ್ವತ್ಥರದು ರಂಗಭೂಮಿಯಿಂದ ಬಂದ ಮಾರ್ಗ. ಅವರು ಸಾಲನ್ನು ತಾರಸ್ಥಾಯಿಗೆ ಎಸೆದು, ಮತ್ತೆ ಮತ್ತೆ ಹಿಡಿದು, ಅದರ ಒಳಗಣ ಸಂಕಟವನ್ನೋ ಉಲ್ಲಾಸವನ್ನೋ ಹೊರಗೆ ಹಾಕಿಸುತ್ತಾರೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯು 1942ರಲ್ಲಿ ಪುಸ್ತಕವಾಗಿ ಬಂದಾಗಲೇ ಮನೆಮಾತಾಗಿದ್ದಿತು. ಆದರೂ ಆ ದಾಂಪತ್ಯಗೀತೆಗಳ ಮೃದುತ್ವದಲ್ಲಿ ಎಷ್ಟು ನಾಟಕವು ಅಡಗಿದ್ದಿತೆಂಬುದು ಅಶ್ವತ್ಥರ ಕಂಠದಿಂದ ತಿಳಿದುಬಂದಿತು. ಅವರ ಮಾರ್ಗದಲ್ಲಿ ಅತಿಯಿಲ್ಲವೆಂದಲ್ಲ. ಕೆಲವೆಡೆಗಳಲ್ಲಿ ಕವಿತೆಯು ಬೇಡವೆಂದರೂ ಧಾಟಿಯು ಗರ್ಜಿಸುತ್ತದೆ. ಆದರೆ ಶಿಶುನಾಳ ಶರೀಫರ (1819-1889) ತತ್ತ್ವಪದಗಳಲ್ಲಿ ಆ ಗರ್ಜನೆಯೂ ಆ ಗೊಣಗೂ ಆ ನಗೆಯೂ ಎಷ್ಟು ತಕ್ಕುದಾಗಿ ಕೂತವೆಂದರೆ, ನಗರವಾಸಿಗಳಾದ ವಿದ್ಯಾವಂತರಲ್ಲಿ ಬಹುಮಂದಿಗೆ ಶರೀಫರ ಪರಿಚಯವಾದುದೇ ಆ ಸುರುಳಿಗಳಿಂದ.

ಸ್ಟ್ರೀಮಿಂಗಿನ ಅಳತೆಯೇನು? ಮೂವತ್ತು ಸೆಕೆಂಡು. ಸ್ಪಾಟಿಫೈ ಮೊದಲಾದ ಸಂಸ್ಥೆಗಳಲ್ಲಿ ಹಾಡನ್ನು ಅಷ್ಟು ಹೊತ್ತು ಕೇಳಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಅದಕ್ಕೆ ಮೊದಲೇ ಬೆರಳು ಮುಂದಿನ ಹಾಡಿಗೆ ಸರಿದರೆ ಹಾಡಿದವನಿಗೆ ಏನೂ ಇಲ್ಲ. ನಾಲ್ಕು ನಿಮಿಷ ಪೂರ್ತಿ ಕೇಳಿದರೂ ಹೆಚ್ಚಿಗೆ ಏನೂ ಇಲ್ಲ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕ್ಯಾಸೆಟ್ಟಿನ ಕಾಲದ ಭಾವಗೀತೆಗೆ ಕೊಳಲಿನದೋ ಸಿತಾರಿನದೋ ಒಂದು ನಿಧಾನವಾದ ಪೀಠಿಕೆ ಇರುತ್ತಿದ್ದಿತು. ಕವಿತೆಯ ಹವೆಯನ್ನು ಹಬ್ಬಿಸಿ, ಬಳಿಕ ಮಾತನ್ನು ಒಳಗೆ ಕರೆಯುವುದು ಅದರ ಕೆಲಸ. ಈಗ ಪೀಠಿಕೆಯೆಂಬುದು ಅಪಾಯದ ಸ್ಥಳ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ 2017ರಲ್ಲಿ ಹೊರಬಂದ ಅಧ್ಯಯನವೊಂದು ಅಲ್ಲಿಯ ಜನಪ್ರಿಯ ಗೀತೆಗಳನ್ನು ಅಳೆದು ನೋಡಿ, 1980ರ ದಶಕದ ನಡುವಿನಲ್ಲಿ ಇಪ್ಪತ್ತು ಸೆಕೆಂಡಿಗೂ ಮಿಕ್ಕಿದ್ದ ಪೀಠಿಕೆಯು 2015ರ ವೇಳೆಗೆ ಸುಮಾರು ಐದು ಸೆಕೆಂಡಿಗೆ ಇಳಿದಿತ್ತೆಂದು ತೋರಿಸಿತು. ಆ ಇಳಿತವೆಲ್ಲ ಸ್ಟ್ರೀಮಿಂಗಿನದೇ ಎನ್ನುವುದು ಅವಸರದ ಮಾತಾದೀತು. ಅದಕ್ಕೆ ಮೊದಲೇ ಅಸಹನೆಯು ಲೋಕದಲ್ಲಿ ಬೆಳೆಯುತ್ತಲೇ ಇದ್ದಿತು. ಇದುವರೆಗೆ ಬರಿಯ ಚಪಲವಾಗಿದ್ದ ಆ ಅಸಹನೆಗೆ ಸ್ಟ್ರೀಮಿಂಗ್ ಒಂದು ಕೂಲಿದರವನ್ನು ನಿಗದಿ ಮಾಡಿತು.

ಪೀಠಿಕೆಗಿಂತಲೂ ದೊಡ್ಡ ನಷ್ಟವು ಹಾಡುಗಳ ಸಾಲಿನದು. ಎಂಟು ಕವಿತೆಗಳ ಸುರುಳಿಯು ಒಡೆದು ಎಂಟು ಬಿಡಿ ಹಾಡುಗಳಾಗಿವೆ. ಯಂತ್ರದ ಲೆಕ್ಕಾಚಾರವು ಕೇಳುಗನ ರುಚಿಯನ್ನು ಹಿಂಬಾಲಿಸಿ, ಒಂದು ಭಾವಗೀತೆ ಮುಗಿದೊಡನೆ ಯಾವುದೋ ಚಲಚ್ಚಿತ್ರದ ಹಾಡನ್ನು ತಂದು ಕೂಡಿಸುತ್ತದೆ. ಕವಿಯ ಅತ್ಯಂತ ಜನಪ್ರಿಯವಾದ ಒಂದೇ ಕವಿತೆಯು ಲಕ್ಷಾಂತರ ಸಲ ಹಾಡಿಸಿಕೊಳ್ಳುತ್ತದೆ. ಅದೇ ಸುರುಳಿಯ ಎರಡನೆಯ ಮಗ್ಗುಲಿನಲ್ಲಿದ್ದ ಗಂಭೀರವಾದ ಕವಿತೆಯು ನೆಲಮಾಳಿಗೆಗೆ ಬೀಳುತ್ತದೆ. ಪಠ್ಯಪುಸ್ತಕಗಳು ಕವಿಗಳಿಗೆ ಮಾಡಿದ ಅನ್ಯಾಯವೇ ಇದು. ಯಂತ್ರವು ಅದನ್ನು ಇನ್ನಷ್ಟು ಚುರುಕಾಗಿ ಮಾಡುತ್ತದೆ.

ಇನ್ನು ಹಣದ ಮಾತು. ಇಲ್ಲಿ ಕ್ಯಾಸೆಟ್ಟಿನ ಕಾಲವನ್ನು ಸತ್ಯಯುಗವೆಂದು ವರ್ಣಿಸುವವರ ಮಾತಿಗೆ ಮರುಳಾಗಬಾರದು. ಪೀಟರ್ ಮ್ಯಾನುಯೆಲ್ ಎಂಬ ಅಮೆರಿಕದ ವಿದ್ವಾಂಸರು ಉತ್ತರ ಭಾರತದ ಕ್ಯಾಸೆಟ್ ವ್ಯಾಪಾರವನ್ನು ಕುರಿತು ಬರೆದು 1993ರಲ್ಲಿ ಪ್ರಕಟಿಸಿದ ಗ್ರಂಥವು ಆ ಕಾಲದ ಎರಡು ಮುಖಗಳನ್ನೂ ತೋರಿಸುತ್ತದೆ. ಒಂದೇ ದೊಡ್ಡ ಕಂಪೆನಿಯ ಏಕಸ್ವಾಮ್ಯವನ್ನು ಮುರಿದು, ಪ್ರಾಂತಭಾಷೆಯ ಹಾಡಿಗೂ ಭಜನೆಗೂ ಜಾನಪದಕ್ಕೂ ಕ್ಯಾಸೆಟ್ಟು ಬಾಗಿಲು ತೆರೆಯಿತು. ಅದೇ ಕ್ಯಾಸೆಟ್ಟು ಕಳ್ಳಪ್ರತಿಯ ಹೆಬ್ಬಾಗಿಲನ್ನೂ ತೆರೆಯಿತು. ಕರ್ಣಾಟಕದಲ್ಲಿಯೂ ಲಹರಿ, ಸಂಗೀತಾ ಮೊದಲಾದ ಸ್ಥಳೀಯ ಸಂಸ್ಥೆಗಳು ತಲೆಯೆತ್ತಿದ್ದು ಈ ಗಾಳಿಯಲ್ಲಿಯೇ. ಅವುಗಳಿಂದ ಭಾವಗೀತೆಗೂ ಯಕ್ಷಗಾನಕ್ಕೂ ದಾಸರ ಪದಕ್ಕೂ ಆದ ಪ್ರಚಾರವು ಅಲ್ಪವಲ್ಲ. ಆದರೆ ಆ ಕಾಲದ ಧ್ವನಿಮುದ್ರಣದ ವ್ಯವಹಾರದಲ್ಲಿ ಗಾಯಕನಿಗೂ ವಾದ್ಯಗಾರನಿಗೂ ಕವಿಗೂ ಒಂದು ಸಲದ ಸಂಭಾವನೆಯನ್ನು ಕೊಟ್ಟು ಮುಗಿಸುವುದೇ ಸಾಮಾನ್ಯ ಪದ್ಧತಿಯಾಗಿದ್ದಿತು. ಎಷ್ಟೋ ಸಲ ಕವಿಗೆ ದೊರೆತುದು ಕೀರ್ತಿಯೊಂದೇ. ಕೀರ್ತಿಯಿಂದ ಅಕ್ಕಿ ಬರುವುದಿಲ್ಲವಾದರೂ ಪುಸ್ತಕದ ಮರುಮುದ್ರಣ, ಸಭೆಯ ಆಹ್ವಾನ, ಊರಿಂದೂರಿಗೆ ಗೌರವ ಇವು ಬಂದವು. ಸುರುಳಿಯ ಹೊದಿಕೆಯ ಮೇಲೆ ಅಚ್ಚಾಗಿದ್ದ ಹೆಸರಿನ ಫಲ ಅದು.

ಒಂದು ಕ್ಯಾಸೆಟ್ಟು ಮಾರಾಟವಾದರೆ ಕೇಳುವವನ ಹಣವು ಆ ಕ್ಯಾಸೆಟ್ಟಿಗೇ ಹೋಯಿತೆಂಬುದು ಮಾತ್ರ ನಿಶ್ಚಯ. ಪಾಲು ಹಂಚಿಕೆಯಲ್ಲಿ ಅನ್ಯಾಯವಿದ್ದರೂ ಹಣದ ಗುರಿಯಲ್ಲಿ ಗೊಂದಲವಿರಲಿಲ್ಲ. ಸ್ಟ್ರೀಮಿಂಗಿನಲ್ಲಿ ಈ ಗುರಿಯೇ ತಪ್ಪಿಹೋಗಿದೆ. ಚಂದಾ ಹಣವೂ ಜಾಹೀರಾತಿನ ಹಣವೂ ಒಂದೇ ಕೊಪ್ಪರಿಗೆಗೆ ಬೀಳುತ್ತವೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಕ್ಕುದಾರರಿಗೆ ಹೋಗುತ್ತದೆ. ಒಟ್ಟು ಕೇಳಿಕೆಯಲ್ಲಿ ಯಾರ ಹಾಡಿಗೆ ಎಷ್ಟು ಅಂಶವೋ ಹಣದಲ್ಲಿಯೂ ಅಷ್ಟೇ ಅಂಶ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡಬಹುದು. ಇಬ್ಬರು ಕೇಳುಗರು ತಲಾ 100 ರೂಪಾಯಿ ಚಂದಾ ಕೊಟ್ಟರೆಂದೂ, ಸುಲಭಕ್ಕಾಗಿ ಅದರಲ್ಲಿ ತಲಾ 70 ರೂಪಾಯಿ ಹಕ್ಕುದಾರರಿಗೆ ಮೀಸಲೆಂದೂ ಇಟ್ಟುಕೊಳ್ಳೋಣ. ಒಬ್ಬರು ನಿವೃತ್ತ ಉಪಾಧ್ಯಾಯರು. ತಿಂಗಳಲ್ಲಿ 20 ಸಲ ಭಾವಗೀತೆಗಳನ್ನೇ ಕೇಳಿದರು. ಇನ್ನೊಬ್ಬರದು ಹೋಟೆಲು, ಅಲ್ಲಿ ಚಿತ್ರಗೀತೆಗಳು 980 ಸಲ ಮೊಳಗಿದವು. ಒಟ್ಟು ಸಾವಿರ ಕೇಳಿಕೆ, 140 ರೂಪಾಯಿ. ಒಂದು ಕೇಳಿಕೆಗೆ 14 ಪೈಸೆ. ಭಾವಗೀತೆಗಳಿಗೆ ಬಂದುದು 2 ರೂಪಾಯಿ 80 ಪೈಸೆ. ಚಿತ್ರಗೀತೆಯನ್ನು ಒಂದು ಸಲವೂ ಕೇಳದ ಉಪಾಧ್ಯಾಯರ ಹಣದಲ್ಲಿ 67 ರೂಪಾಯಿ 20 ಪೈಸೆ ಚಿತ್ರಗೀತೆಗೆ ಹೋಯಿತು. ಕಡಮೆ ಹಾಡನ್ನು ಹೆಚ್ಚು ಗಮನದಿಂದ ಕೇಳುವ ರಸಿಕನ ಹಣವೇ ಹೀಗೆ ಬೇರೆ ಕಡೆಗೆ ಹರಿಯುತ್ತದೆ. ಭಾವಗೀತೆಯ ಶ್ರೋತೃಗಳು ಬಹುಮಟ್ಟಿಗೆ ಇಂತಹವರೇ.

ಕೇಳುಗನ ಹಣವನ್ನು ಅವನು ಕೇಳಿದವರಿಗೇ ಹಂಚುವ ಕ್ರಮವು ಅಸಾಧ್ಯವೇನಲ್ಲ. ಸೌಂಡ್‌ಕ್ಲೌಡ್ ಎಂಬ ಸಂಸ್ಥೆಯು 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಅಂತಹ ಕ್ರಮವನ್ನು ಆರಂಭಿಸಿತು. ದೊಡ್ಡ ಸಂಸ್ಥೆಗಳು ನಡೆದುದು ಬೇರೆ ದಿಕ್ಕಿಗೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಮುದ್ರಿಕೆಯ ಗೌರವಧನವೇ ಇಲ್ಲವೆಂದು ಸ್ಪಾಟಿಫೈ 2024ರಿಂದ ನಿಯಮ ಮಾಡಿತು. ಕೃತಕವಾಗಿ ಎಣಿಕೆ ಏರಿಸುವ ವಂಚಕರನ್ನು ತಡೆಯುವುದೂ ಚಿಲ್ಲರೆ ಮೊಬಲಗಿನ ತಾಪತ್ರಯವನ್ನು ಕಳೆಯುವುದೂ ಇದರ ಉದ್ದೇಶವೆಂದು ಸಂಸ್ಥೆಯ ಸಮಾಧಾನ. ಆ ಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ವರ್ಷಕ್ಕೆ ಒಂಬೈನೂರು ಸಲ ಕೇಳಿಸಿಕೊಳ್ಳುವ ಒಂದು ಗಂಭೀರ ಕವಿತೆಯು ಈ ನಿಯಮದಲ್ಲಿ ವಂಚಕನ ಪಂಕ್ತಿಯಲ್ಲಿಯೇ ಕುಳಿತುಕೊಳ್ಳಬೇಕಾಗುತ್ತದೆ.

ಹಣವೇ ಇಲ್ಲವಾಯಿತೆಂದು ಕೂಗುವವರಿಗೆ ಅಂಕಿಗಳು ಬೇರೆ ಉತ್ತರ ಕೊಡುತ್ತವೆ. 1999ರಲ್ಲಿ ನ್ಯಾಪ್‌ಸ್ಟರ್ ಕಾಣಿಸಿಕೊಂಡು ಹಾಡುಗಳ ಪುಕ್ಕಟೆ ವಿನಿಮಯವು ಹಬ್ಬಿದಂದಿನಿಂದ ಧ್ವನಿಮುದ್ರಣದ ವ್ಯಾಪಾರವು ಕುಸಿಯುತ್ತ ಹೋಗಿ 2014ರ ಸುಮಾರಿಗೆ ತಳ ಮುಟ್ಟಿದ್ದಿತು. ಅದನ್ನು ಮೇಲಕ್ಕೆತ್ತಿದುದು ಸ್ಟ್ರೀಮಿಂಗೇ. 2023ರಲ್ಲಿ ಜಗತ್ತಿನ ಧ್ವನಿಮುದ್ರಣದ ಆದಾಯವು 28.6 ಬಿಲಿಯನ್ ಡಾಲರು. ಅದರಲ್ಲಿ ನೂರಕ್ಕೆ 67.3 ಪಾಲು ಸ್ಟ್ರೀಮಿಂಗಿನದು, 17.8 ಪಾಲು ಮಾತ್ರ ತಟ್ಟೆ ಮೊದಲಾದ ವಸ್ತುಗಳ ಮಾರಾಟದ್ದು. ಕೊಳವು ತುಂಬಿದೆ. ತೂಬುಗಳು ಯಾರ ಗದ್ದೆಯ ಕಡೆಗಿವೆ ಎಂಬುದೇ ಪ್ರಶ್ನೆ. ಬ್ರಿಟನ್ನಿನ ಪಾರ್ಲಿಮೆಂಟಿನ ಸಮಿತಿಯೊಂದು ಈ ವಿಷಯವನ್ನು ವಿಚಾರಿಸಿ 2021ರ ಜುಲೈನಲ್ಲಿ ವರದಿ ಕೊಟ್ಟಿತು; ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕೆಂಬುದು ಅದರ ಅಭಿಪ್ರಾಯ. ಅಲ್ಲಿ ಬಂದ ಸ್ಥೂಲವಾದ ಲೆಕ್ಕದಂತೆ ನೂರರಲ್ಲಿ ಸುಮಾರು 30 ಪಾಲು ಸ್ಟ್ರೀಮಿಂಗ್ ಸಂಸ್ಥೆಗೆ, 55 ಪಾಲು ಮುದ್ರಿಕೆಯ ಒಡೆಯನಿಗೆ, 15 ಪಾಲು ಮಾತು ಬರೆದವನಿಗೂ ಧಾಟಿ ಕಟ್ಟಿದವನಿಗೂ ಅವರ ಪ್ರಕಾಶಕರಿಗೂ ಕೂಡಿ. ಮೇಲಣ ಕಲ್ಪಿತ ಲೆಕ್ಕದ 2 ರೂಪಾಯಿ 80 ಪೈಸೆಯನ್ನು ಈ ಪ್ರಮಾಣದಲ್ಲಿ ಹಂಚಿದರೆ ಇಪ್ಪತ್ತು ಸಲದ ಕೇಳಿಕೆಗೆ ಕವಿಯೂ ಸಂಯೋಜಕನೂ ಹಂಚಿಕೊಳ್ಳಬೇಕಾದ ಮೊತ್ತ 60 ಪೈಸೆ. ಭಾರತದಲ್ಲಿ ಬಹುಪಾಲು ಕೇಳುಗರು ಚಂದಾ ಕೊಡದೆ ಜಾಹೀರಾತಿನೊಡನೆ ಪುಕ್ಕಟೆ ಕೇಳುವವರಾದುದರಿಂದ ಇಲ್ಲಿಯ ಗತಿಯು ಇನ್ನೂ ಬಡವಾದುದು.

ಕಾನೂನು ಸುಮ್ಮನಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದರಿಂದ, ಚಿತ್ರಕ್ಕಾಗಿ ಹಣ ಕೊಟ್ಟು ಬರೆಯಿಸಿದ ಗೀತೆಗೆ ನಿರ್ಮಾಪಕನೇ ಮೊದಲ ಒಡೆಯನೆಂದು ಸ್ಥಿರವಾಗಿದ್ದಿತು. ಮೂವತ್ತೈದು ವರ್ಷಗಳ ಮೇಲೆ, ಗೀತರಚನಕಾರ ಜಾವೇದ್ ಅಖ್ತರರು ರಾಜ್ಯಸಭೆಯ ಒಳಗೂ ಹೊರಗೂ ಹೋರಾಡಿದುದರ ಫಲವಾಗಿ, 2012ರ ತಿದ್ದುಪಡಿಯು ಕೃತಿಸ್ವಾಮ್ಯದ ಕಾಯಿದೆಗೆ ಸೇರಿತು. ಇದರಲ್ಲಿ ಚಿತ್ರಗೀತೆಗೆ ಮಾತ್ರವಲ್ಲದೆ ಚಿತ್ರಕ್ಕೆ ಸೇರದ ಧ್ವನಿಮುದ್ರಿಕೆಗೂ ರಕ್ಷಣೆಯುಂಟು. ಅಂತಹ ಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಅಥವಾ ಸಂಗೀತದ ಕರ್ತೃವು, ಹಕ್ಕನ್ನು ಪಡೆದವನೊಡನೆ ಸಮಪಾಲಾಗಿ ಗೌರವಧನ ಪಡೆಯುವ ಅಧಿಕಾರವನ್ನು ತನ್ನ ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಹೊರತು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ಭಾವಗೀತೆಯ ಕವಿಗೆ ಇದಕ್ಕಿಂತ ಸ್ಪಷ್ಟವಾದ ಆಸರೆ ಹಿಂದೆಂದೂ ಇರಲಿಲ್ಲ. 1980ರ ದಶಕದ ಕರಾರುಗಳಿಗೆ ಇದು ಎಷ್ಟು ದೂರ ಅನ್ವಯಿಸುವುದೆಂಬುದು ವಕೀಲರ ವಾದದ ವಿಷಯ. 1969ರಲ್ಲಿ ಸ್ಥಾಪಿತವಾದ ಐ.ಪಿ.ಆರ್.ಎಸ್. ಸಂಘವು 2017ರಲ್ಲಿ ಪುನಃ ನೋಂದಣಿಯಾಗಿ, ಕರ್ತೃಗಳ ಪರವಾಗಿ ಹಣ ವಸೂಲು ಮಾಡಿ ಹಂಚುತ್ತಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ನೆನಪಾಗುತ್ತದೆ. ಸಂಘವು ಹಣ ಹಂಚಬೇಕಾದರೆ ಹಾಡು ಯಾರದೆಂದು ಗೊತ್ತಿರಬೇಕು. ಕವಿಯು, ಅಥವಾ ಅವನ ಮಕ್ಕಳು, ಸಂಘದ ಸದಸ್ಯರಾಗಿರಬೇಕು, ಕೃತಿಯು ದಾಖಲಾಗಿರಬೇಕು, ಸ್ಟ್ರೀಮಿಂಗ್ ಸಂಸ್ಥೆಗೆ ಮುದ್ರಿಕೆಯೊಡನೆ ಕಳುಹಿಸಿದ ವಿವರಗಳಲ್ಲಿ ಕವಿಯ ಹೆಸರು ಒಂದೇ ವಿಧದಲ್ಲಿ ಬರೆದಿರಬೇಕು. ಕನ್ನಡದ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಅದು ಎಷ್ಟು ರೂಪಗಳನ್ನು ತಾಳುವುದೆಂಬುದನ್ನು ಬಲ್ಲವರು ಬಲ್ಲರು. ಅಡ್ಡಹೆಸರು, ಊರ ಹೆಸರು, ಕಾವ್ಯನಾಮ ಇವುಗಳ ಅವಾಂತರ ಬೇರೆ. ದ. ರಾ. ಬೇಂದ್ರೆ ಎಂದೂ ಅಂಬಿಕಾತನಯದತ್ತ ಎಂದೂ ಎರಡು ಕಡೆ ದಾಖಲಾದರೆ ಯಂತ್ರಕ್ಕೆ ಅವರು ಇಬ್ಬರು. ಮೊಬೈಲಿನ ತೆರೆಯ ಮೇಲೆ ಹಾಡಿನ ಹೆಸರೂ ಗಾಯಕನ ಹೆಸರೂ ಒಂದು ಚಿತ್ರವೂ ಮೂಡುತ್ತವೆ. ಕವಿಯ ಹೆಸರು ಇದ್ದರೆ ಎರಡು ಮೂರು ಸಲ ಒತ್ತಿ ಒಳಗೆ ಹುಡುಕಬೇಕು. ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ. ಕ್ಯಾಸೆಟ್ಟಿನ ಮಡಿಸಿದ ಕಾಗದದಲ್ಲಿ ಕವಿ, ಸಂಯೋಜಕ, ಗಾಯಕರು, ಅನೇಕ ವೇಳೆ ತಬಲ ನುಡಿಸಿದವರ ಹೆಸರು ಕೂಡ ಇರುತ್ತಿದ್ದಿತು. ಗೌಹರ್ ಜಾನಳು ಹಾಡಿನ ತುದಿಯಲ್ಲಿ ಕೂಗಿ ಹೇಳಿದ್ದನ್ನು ಆ ಕಾಗದವು ಮೌನವಾಗಿ ಹೇಳುತ್ತಿದ್ದಿತು. ಕೋಟಿ ಕೋಟಿ ಕೇಳಿಕೆಗಳನ್ನು ತಪ್ಪಿಲ್ಲದೆ ಎಣಿಸಬಲ್ಲ ವ್ಯವಸ್ಥೆಯು ಇಷ್ಟು ಚಿಕ್ಕ ಕೆಲಸದಲ್ಲಿ ಎಡವುವುದು ಅಶಕ್ತಿಯಿಂದಲ್ಲ. ಹೆಸರಿಲ್ಲದ ಹಾಡಿಗೆ ವಾರಸುದಾರನು ಬಂದು ಬಾಗಿಲು ತಟ್ಟುವುದಿಲ್ಲ. ಯಾರೂ ತಟ್ಟದ ಬಾಗಿಲನ್ನು ತೆರೆಯಲು ಯಾರಿಗೂ ಅವಸರವಿಲ್ಲ.

ಇದರ ಕೆಡುಕು ಹಣಕ್ಕೆ ಮಾತ್ರ ಸೀಮಿತವಲ್ಲ. ಭಾವಗೀತೆಯು ಚಿತ್ರಗೀತೆಯಿಂದ ಬೇರೆಯಾಗಿ ನಿಂತುದೇ ಅದು ಒಬ್ಬ ಕವಿಯ ಮಾತು ಎಂಬ ಕಾರಣದಿಂದ. ಕೇಳುವವನು ಹಾಡಿನಿಂದ ಕವಿಯ ಹೆಸರಿಗೆ, ಹೆಸರಿನಿಂದ ಪುಸ್ತಕಕ್ಕೆ ಹೋಗುವ ಕಾಲುದಾರಿಯೊಂದಿದ್ದಿತು. ಆ ದಾರಿಯು ಮುಚ್ಚಿದರೆ ನರಸಿಂಹಸ್ವಾಮಿಯವರ ಕವಿತೆಯೂ ಯಾವನೋ ಒಬ್ಬ ಗಾಯಕನ ಹಾಡಾಗಿ ಉಳಿಯುತ್ತದೆ. ಗಾಯಕರು ಇದನ್ನು ಬಯಸಿದವರಲ್ಲ. ಸಭೆಯಲ್ಲಿ ಹಾಡುವ ಮೊದಲು ಕವಿಯ ಹೆಸರನ್ನು ಹೇಳುವ ಸಂಪ್ರದಾಯವನ್ನು ಸುಗಮಸಂಗೀತಗಾರರು ಇಂದಿಗೂ ಪಾಲಿಸುತ್ತಾರೆ.

ಎದುರು ಪಕ್ಷದ ಮಾತನ್ನೂ ಹೇಳಬೇಕು. ಅಮೆರಿಕದಲ್ಲಿಯೋ ದುಬೈಯಲ್ಲಿಯೋ ಇರುವ ಕನ್ನಡ ಕುಟುಂಬಕ್ಕೆ ಊರಿನಿಂದ ಕ್ಯಾಸೆಟ್ಟು ತರಿಸಿಕೊಳ್ಳುವ ಕಾಲವು ಹೋಗಿ, ಕಾಳಿಂಗರಾಯರ ಕಂಠವು ಬೆರಳ ತುದಿಯಲ್ಲಿ ದೊರೆಯುತ್ತಿರುವುದು ಸಾಮಾನ್ಯವಾದ ಲಾಭವಲ್ಲ. ಹೊಸ ಗಾಯಕನಿಗೆ ಕಂಪೆನಿಯ ದಾಕ್ಷಿಣ್ಯವಿಲ್ಲದೆ ಹಾಡನ್ನು ಲೋಕಕ್ಕೆ ಮುಟ್ಟಿಸಲು ಅವಕಾಶವಾಗಿದೆ. ಕಳ್ಳಪ್ರತಿಯ ಹಾವಳಿಯೂ ಬಹಳ ಇಳಿದಿದೆ. ಆದರೆ ದೊರೆಯುತ್ತಿದೆ ಎಂಬ ಮಾತಿಗೂ ಒಂದು ಮಿತಿಯುಂಟು. ವಿಂಕ್ ಎಂಬ ಭಾರತೀಯ ಸಂಗೀತ ಸೇವೆಯನ್ನು ಅದರ ಒಡೆಯರು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿದರು; ಅದೇ ವರ್ಷದ ಜನವರಿಯಲ್ಲಿ ರೆಸ್ಸೋ ಭಾರತದಲ್ಲಿ ನಿಂತಿತು. ಅಲ್ಲಿ ವರ್ಷಗಟ್ಟಲೆ ಕೂಡಿಸಿಕೊಂಡಿದ್ದ ಹಾಡಿನ ಸಂಗ್ರಹಗಳು ಕೇಳುಗರಿಗೆ ಸೊತ್ತಾಗಿ ಉಳಿಯಲಿಲ್ಲ. ಕ್ಯಾಸೆಟ್ಟು ಮಾರಿದ ಅಂಗಡಿ ಮುಚ್ಚಿದರೆ ಮನೆಯೊಳಗಿನ ಕ್ಯಾಸೆಟ್ಟು ಮಾಯವಾಗುತ್ತಿರಲಿಲ್ಲ.

ವಸ್ತುವಿನ ಮೇಲಿನ ಆಸೆಯು ಜನರಲ್ಲಿ ಸತ್ತಿಲ್ಲವೆಂಬುದಕ್ಕೆ ಸಾಕ್ಷ್ಯಗಳಿವೆ. ಅಮೆರಿಕದಲ್ಲಿ 2022ರಲ್ಲಿ, 1987ರ ಬಳಿಕ ಮೊದಲ ಬಾರಿಗೆ, ಹಳೆಯ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚಾಗಿ ಮಾರಾಟವಾದವು. ಭಾರತದಲ್ಲಿ ಹಳೆಯ ಹೆಚ್.ಎಂ.ವಿ.ಯ ಉತ್ತರಾಧಿಕಾರಿಯಾದ ಸಾರೆಗಾಮಾ ಕಂಪೆನಿಯು 5000 ಹಾಡುಗಳನ್ನು ತುಂಬಿದ ‘ಕಾರವಾನ್’ ಎಂಬ ಪೆಟ್ಟಿಗೆಯನ್ನು 2017ರಲ್ಲಿ ಹೊರತಂದು ವೃದ್ಧರ ಮನೆಗಳನ್ನು ಗೆದ್ದಿತು. ವಿನೈಲು ಹಣವಂತರ ವಿನೋದವಾಗಿದೆ. ಕನ್ನಡ ಭಾವಗೀತೆಗೆ ಅದರಿಂದ ಆಗುವ ಪ್ರಯೋಜನ ಕಡಮೆ. ಪೆಟ್ಟಿಗೆಯಿಂದ ಕಲಿಯಬೇಕಾದ ಪಾಠವಿದೆ: ಒಬ್ಬ ಕವಿಯ ಹಾಡುಗಳನ್ನೆಲ್ಲ ಅವನ ಕವಿತೆಗಳ ಪುಸ್ತಕದೊಡನೆ ಕೂಡಿಸಿ ಕೊಟ್ಟರೆ ಕೊಳ್ಳುವವರು ಇಲ್ಲದೆ ಇಲ್ಲ. ಪುಸ್ತಕವನ್ನು ಅಚ್ಚುಮಾಡುವವರೂ ಹಾಡನ್ನು ಮುದ್ರಿಸಿದವರೂ ಒಂದೆಡೆ ಕುಳಿತು ಮಾತನಾಡಿದರೆ ಆಗುವ ಕೆಲಸ ಇದು.

ಹಕ್ಕಿನ ಅವಧಿಯನ್ನು ನೋಡಿದರೆ ಕವಿಗಳ ಮನೆಯವರು ಏತಕ್ಕೆ ಎಚ್ಚತ್ತಿರಬೇಕೆಂಬುದು ಗೊತ್ತಾಗುತ್ತದೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಸ್ವಾಮ್ಯವು ಪ್ರಕಟಣೆಯ ಬಳಿಕ 60 ವರ್ಷ. ಕವಿತೆಯ ಸ್ವಾಮ್ಯವು ಕವಿಯ ಮರಣದ ಬಳಿಕ 60 ವರ್ಷ. ಶರೀಫರ ಪದಗಳಿಗೆ ಇಂದು ಯಾರ ಸ್ವಾಮ್ಯವೂ ಇಲ್ಲ. ಅವುಗಳಿಗೆ ಅಶ್ವತ್ಥರು ಕಟ್ಟಿದ ಧಾಟಿಯ ಸ್ವಾಮ್ಯವು, ಅವರು 2009ರಲ್ಲಿ ತೀರಿಕೊಂಡವರಾದುದರಿಂದ, 2069ರ ವರೆಗೆ ನಡೆಯುತ್ತದೆ. ಬೇಂದ್ರೆಯವರ ಕವಿತೆಗಳದು 2041ರ ವರೆಗೆ, ನರಸಿಂಹಸ್ವಾಮಿಯವರ ಕವಿತೆಗಳದು 2063ರ ವರೆಗೆ. 1978ರ ‘ನಿತ್ಯೋತ್ಸವ’ದ ಮುದ್ರಿಕೆಯು 2038ರ ಕೊನೆಗೆ ಕಂಪೆನಿಯ ಕೈಬಿಟ್ಟು ಲೋಕದ ಸೊತ್ತಾಗುತ್ತದೆ. ನಿಸಾರ್ ಅಹಮದರು 2020ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಆ ಸುರುಳಿಯಲ್ಲಿರುವ ಅವರ ಮಾತುಗಳಿಗೆ 2080ರ ವರೆಗೂ ಅವರ ಮನೆಯವರನ್ನು ಕೇಳಬೇಕಾಗುತ್ತದೆ.